ಹುಚ್ಚೀರಪ್ಪನವರ ಅರ್ಧ ಕೆರೆ

ಸೊರಟೂರಿನ ಹುಚ್ಚೀರಪ್ಪನವರ ಹೊಲದಲ್ಲಿ ಕೆರೆ ಇರಲಿಲ್ಲ. ಹಿಂದೆಯೂ ಇರಲಿಲ್ಲ, ಈಗಲೂ ಇಲ್ಲ. ಇದನ್ನು ಮೊದಲೇ ಹೇಳಿಬಿಡುವುದು ಒಳ್ಳೆಯದು. ಮುಂದೆ ಬರುವ ಎಂಜಿನಿಯರು, ವಿಜ್ಞಾನಿ, ಪಕ್ಷಿಪ್ರೇಮಿ ಇವರೆಲ್ಲರ ಮಾತು ಕೇಳಿದ ಮೇಲೆ ಓದುವವರಿಗೂ ಅನುಮಾನ ಬಂದೀತು. ಈ ‘ಇಲ್ಲ’ ಎಂಬ ಮಾತನ್ನು ಹಾಡುಹಗಲಿನಲ್ಲಿ ಬರೆಯಲಾಗಿದೆ ಎಂಬುದನ್ನೂ ದಯವಿಟ್ಟು ಗಮನಿಸಬೇಕು.

ಹೊಲದಲ್ಲಿ ಇದ್ದದ್ದು ಎರೆಮಣ್ಣು, ಅದರ ಮೇಲೆ ಕಡಲೆ, ನಟ್ಟನಡುವೆ ಒಂದು ಬೇವಿನ ಮರ, ಮರದ ನೆರಳಿನಲ್ಲಿ ಶಾರದವ್ವನ ಗದ್ದಿಗೆ. ಶಾರದವ್ವ ಹುಚ್ಚೀರಪ್ಪನವರ ಧರ್ಮಪತ್ನಿ. ಹೋದ ವಿಜಯದಶಮಿಯಂದು ಮನೆಗೆ ಬಂದವರಿಗೆಲ್ಲ ಬನ್ನಿ ಕೊಟ್ಟು, ‘ಬಂಗಾರದಂಗ ಇರೋಣು’ ಎಂದು ಹೇಳಿ, ಒಳಗೆ ಹೋಗಿ ಮಲಗಿದವಳು ಏಳಲಿಲ್ಲ. ಶಿವ ಕರೆದ ಮೇಲೆ ಯಾರ ಮಾತು ನಡೆಯುತ್ತದೆ? ಹೊಲದಲ್ಲಿಯೇ ಆಕೆಯನ್ನು ಮಣ್ಣು ಮಾಡಿ, ಬಿಲ್ವಪತ್ರೆ ಇಟ್ಟು, ವಿಭೂತಿ ಹಚ್ಚಿ, ಕಲ್ಲು ಕಟ್ಟಿಸಿದರು.

ಅಂದಿನಿಂದ ಹುಚ್ಚೀರಪ್ಪನವರ ದಿನಚರಿಯ ಹಳಿ ತಪ್ಪಿತು. ಬಸಿಯಲ್ಲಿ ಚಹಾ ಸುರುವಿಕೊಂಡು ಬರಿದಾದ ಕಪ್ಪನ್ನು ಊದುವರು. ಬಸ್ಸು ಹತ್ತಿ, ತಾವು ಎಲ್ಲಿಗೆ ಹೋಗಬೇಕಾಗಿದೆ ಎಂದು ಕಂಡಕ್ಟರನನ್ನು ಕೇಳುವರು. ಆದರೆ ಒಂದು ವಿಷಯದಲ್ಲಿ ಅವರು ಕೂದಲೆಳೆಯಷ್ಟೂ ತಪ್ಪಲಿಲ್ಲ. ಅದು ಶಾರದವ್ವ ಮನೆಯಲ್ಲಿ ಜಾರಿಗೆ ತಂದಿದ್ದ ಕಾಯ್ದೆ. ದೀಪ ಹಚ್ಚುವ ಹೊತ್ತಿನಲ್ಲಿ ಯಾರೂ ‘ಇಲ್ಲ’ ಅನ್ನಬಾರದು. ಆ ಹೊತ್ತಿನಲ್ಲಿ ಅಸ್ತು ದೇವತೆಗಳು ಮಾಳಿಗೆಯ ಮೇಲೆ ಹಾಯ್ದು ಹೋಗುತ್ತಿರುತ್ತಾರೆ. ಕಿವಿಗೆ ಬಿದ್ದದ್ದಕ್ಕೆಲ್ಲ ‘ಅಸ್ತು’ ಎಂದುಬಿಡುತ್ತಾರೆ. ಆದ್ದರಿಂದ ನೆರೆಮನೆಯವರು ಸಂಜೆ ಮಜ್ಜಿಗೆ ಕೇಳಲು ಬಂದರೆ, ಗಡಿಗೆ ಬೋರಲು ಬಿದ್ದಿದ್ದರೂ, ‘ಐತಿ, ಮುಂಜಾನಿ ಬಾರವಾ’ ಎಂದೇ ಹೇಳಬೇಕು. ಊರಿನ ಬಹಳ ಮನೆಗಳಲ್ಲಿ ಈ ಪದ್ಧತಿ ಇದ್ದರೂ ಶಾರದವ್ವನ ಮನೆಯಲ್ಲಿ ಅದಕ್ಕೆ ಚಿವುಟುವ ಶಿಕ್ಷೆಯೂ ಇತ್ತು.

ಇತ್ತ ಹೀಗಿರುವಾಗ, ಅತ್ತ ಬೆಂಗಳೂರಿನ ಒಂದು ಪ್ರಯೋಗಾಲಯವೂ ಸಮುದ್ರದಾಚೆಯ ಇನ್ನೊಂದು ಪ್ರಯೋಗಾಲಯವೂ ಒಪ್ಪಂದ ಮಾಡಿಕೊಂಡಿದ್ದವು. ಕೃತಕ ಬುದ್ಧಿಮತ್ತೆಯಿಂದ ನಾಡಿನ ನೀರನ್ನೆಲ್ಲ ಲೆಕ್ಕ ಹಾಕಿ, ಎಲ್ಲಿದೆ, ಎತ್ತ ಹರಿಯುತ್ತದೆ, ಯಾವಾಗ ಬತ್ತುತ್ತದೆ ಎಂದು ಮೊದಲೇ ಹೇಳುವ ಘನ ಉದ್ದೇಶ. ಆಚೆಯವರು ಉಪಗ್ರಹದ ಕಣ್ಣಿನಿಂದ ನೋಡುವವರು, ಈಚೆಯವರು ರೈತರಿಗೆ ಫೋನು ಮಾಡಿ ಕೇಳುವವರು. ಕೇಳಲಿಕ್ಕೆ ಮನುಷ್ಯರನ್ನು ಇಟ್ಟಿರಲಿಲ್ಲ. ಹೆಣ್ಣು ದನಿಯಲ್ಲಿ ಮಾತನಾಡುವ ಜಲಮತಿ ಎಂಬ ಯಂತ್ರವನ್ನು ಇಟ್ಟಿದ್ದರು. ರೈತ ಕಾಲು ತೊಳೆದುಕೊಂಡು ಮನೆಯಲ್ಲಿ ನೆಮ್ಮದಿಯಿಂದ ಕೂರುವುದು ಹೊತ್ತು ಮುಳುಗುವಾಗ ಎಂದು ಬಹಳ ಸಂಶೋಧನೆ ಮಾಡಿ ಕಂಡುಹಿಡಿದು, ಫೋನು ಹೋಗುವ ಸಮಯವನ್ನು ಅದಕ್ಕೇ ಗೊತ್ತುಮಾಡಿದ್ದರು. ಆ ಹೊತ್ತಿನಲ್ಲಿ ರೈತ ಏನು ಅನ್ನಬಾರದು ಎಂಬುದನ್ನು ಮಾತ್ರ ಯಾರೂ ಸಂಶೋಧಿಸಿರಲಿಲ್ಲ.

ಒಂದು ಸಂಜೆ ಸೊಸೆ ಕಾಂಚನಾ ದೇವರ ಮುಂದೆ ದೀಪ ಹಚ್ಚಿ ಈಚೆ ಬಂದಳು. ಹುಚ್ಚೀರಪ್ಪನವರು ಕಟ್ಟೆಯ ಮೇಲೆ ಕೂತಿದ್ದರು. ಪಕ್ಕದ ಹೊಲದವನೂ ಬಾಲ್ಯದ ಗೆಳೆಯನೂ ಆದ ಬೀರಲಿಂಗಪ್ಪ ಎಲೆಗೆ ಸುಣ್ಣ ಸವರುತ್ತಿದ್ದ. ಫೋನು ಹೊಡೆದುಕೊಂಡಿತು. ಹುಚ್ಚೀರಪ್ಪನವರು ಯಾವುದೋ ಗುಂಡಿ ಒತ್ತಿದ್ದರಿಂದ ಮಾತು ಓಣಿಗೆಲ್ಲ ಕೇಳುವಂತಾಯಿತು.

“ನಮಸ್ಕಾರ. ನಾನು ಜಲಮತಿ ಮಾತನಾಡುತ್ತಿದ್ದೇನೆ.”

“ನಮಸ್ಕಾರ ತಂಗಿ. ಆರಾಮ ಅದೀಯೇನವಾ? ಚಾ ಆತೇನು?”

“ಕ್ಷಮಿಸಿ, ನನಗೆ ಅರ್ಥವಾಗಲಿಲ್ಲ. ಹೌದು ಅಥವಾ ಇಲ್ಲ ಎಂದು ಉತ್ತರಿಸಿ. ನಿಮ್ಮ ಹೊಲದಲ್ಲಿ ಕೆರೆ ಇದೆಯೇ?”

ಹುಚ್ಚೀರಪ್ಪನವರು ಒಳಗಿನ ದೀಪದ ಕಡೆ ನೋಡಿದರು. ಮಾಳಿಗೆಯ ಕಡೆ ನೋಡಿದರು. “ಐತಿ,” ಎಂದರು.

ಬೀರಲಿಂಗಪ್ಪನ ಕೈಯೊಳಗಿನ ಎಲೆ ಕೆಳಗೆ ಬಿತ್ತು.

“ಕೆರೆಯಲ್ಲಿ ನೀರು ಇದೆಯೇ?”

“ಐತಿ.”

“ಮೀನುಗಳು ಇವೆಯೇ?”

ಹುಚ್ಚೀರಪ್ಪನವರ ಮನೆತನದಲ್ಲಿ ಮೀನಿನ ಹೆಸರು ಹೇಳಿದರೆ ಬಾಯಿ ಮುಕ್ಕಳಿಸುತ್ತಾರೆ. ಅವರು ಕೊರಳಿನ ಲಿಂಗದ ಕರಡಿಗೆಯನ್ನು ಮುಟ್ಟಿಕೊಂಡು, “ಅದಾವು. ಅವು ಅವುಗಳ ಪಾಡಿಗೆ ಅದಾವು,” ಎಂದರು.

“ಚಳಿಗಾಲದಲ್ಲಿ ವಲಸೆ ಹಕ್ಕಿಗಳು ಬರುತ್ತವೆಯೇ?”

ಇಷ್ಟು ಹೊತ್ತಿಗೆ ಅವರಿಗೆ ಆ ಕೆರೆಯ ಮೇಲೆ ಒಂದು ಬಗೆಯ ಅಭಿಮಾನ ಹುಟ್ಟಿತ್ತು. “ಬರಲಾರದೇನು? ಶಿರಹಟ್ಟಿ ಕಡೆ ಮಾಗಡಿ ಕೆರಿಗಿ ಹೋಗೂ ಹಕ್ಕಿ ಮೊದಲ ನಮ್ಮಲ್ಲೇ ಇಳದು, ದಣಿವು ಆರಿಸಿಕೊಂಡು ಮುಂದ ಹೋಗತಾವ.”

ಜಲಮತಿ ಧನ್ಯವಾದ ಹೇಳಿ ಮಾತು ಮುಗಿಸಿದಳು.

“ಲೇ ಹುಚ್ಚೀರಾ! ಯಾವ ಕೆರೀಲೇ?”

“ದೀಪ ಹಚ್ಯಾರ. ಸುಮ್ಮ ಕುಂಡ್ರು.”

“ಕೆರಿ ಐತಿ ಅಂದಿ, ಅಸ್ತು ದೇವರಿಗೆ ಅಂಜಿದಿ, ಆತು. ಹಕ್ಕಿ ಯಾಕ ಇಳಿಸಿದಿ?”

“ಅಷ್ಟು ದೊಡ್ಡ ಕೆರಿ ಕಟ್ಟಿಸಿ ಹಕ್ಕಿಗೊಂದು ಜಾಗಾ ಕೊಡಲಿಲ್ಲಂದ್ರ...” ಎಂದವರು ನಾಲಗೆ ಕಚ್ಚಿಕೊಂಡು, “ಕೊಟ್ರ ಚೆಂದ,” ಎಂದು ತಿದ್ದಿಕೊಂಡರು. “ನಿನಗ ಫೋನ್ ಬರಲಿಲ್ಲೇನು?” ಎಂದು ಕೇಳಬೇಕೆಂದಿದ್ದವರು ಅದನ್ನೂ ಬೆಳಿಗ್ಗೆಗೆ ಮುಂದೂಡಿದರು.

ಮುಂದಿನ ವಾರ ಗದಗಿನಿಂದ ಒಬ್ಬ ಪಕ್ಷಿಪ್ರೇಮಿ ಕೊರಳಿಗೆ ದುರ್ಬೀನು ಹಾಕಿಕೊಂಡು ಬಂದ. ಕಡಲೆ ಹೊಲದ ಬದುವಿನ ಮೇಲೆ ಮಧ್ಯಾಹ್ನದವರೆಗೆ ನಿಂತು, ಒಂದು ಕಾಗೆಯನ್ನೂ ಬೀರಲಿಂಗಪ್ಪನನ್ನೂ ನೋಡಿ ಹೋದ. ಹೋಗುವಾಗ, “ನೀರು ಎಲ್ಲಿ ಐತ್ರಿ?” ಎಂದು ಕೇಳಿದ. “ಹಿಂದ ಸರದೈತಿ,” ಎಂದು ಬೀರಲಿಂಗಪ್ಪ ಗಂಭೀರವಾಗಿ ಉತ್ತರ ಕೊಟ್ಟ. ಓಣಿಯ ಹೆಣ್ಣುಮಕ್ಕಳು ಕಾಂಚನಾಳನ್ನು ತಡೆದು, ಅರಿವೆ ಒಗೆಯಲು ಕೆರೆಯ ಯಾವ ದಂಡೆ ಚೆನ್ನಾಗಿದೆ ಎಂದು ಕೇಳತೊಡಗಿದರು. ಇಷ್ಟಕ್ಕೇ ನಿಂತಿದ್ದರೆ ಇದೊಂದು ಕಟ್ಟೆಯ ನಗೆಮಾತಾಗಿ ಮುಗಿಯುತ್ತಿತ್ತು.

ಆದರೆ ಅತ್ತ ಪ್ರಯೋಗಾಲಯಗಳಲ್ಲಿ ದೊಡ್ಡ ಜಗಳ ಎದ್ದಿತ್ತು. ಉಪಗ್ರಹದವರು, ‘ಅಲ್ಲಿ ಹನಿ ನೀರಿಲ್ಲ’ ಎಂದರು. ಫೋನಿನವರು, ‘ಹೊಲದ ಯಜಮಾನನೇ ಹೇಳಿದ್ದಾನೆ, ಮೀನು ಸಹಿತ ಇದೆ’ ಎಂದರು. ಇಬ್ಬರೂ ಮರ್ಯಾದಸ್ಥರು. ಒಬ್ಬರ ಮಾತನ್ನು ಒಬ್ಬರು ತೆಗೆದುಹಾಕುವುದು ಸಹಕಾರದ ಧರ್ಮಕ್ಕೆ ಹೊಂದದು. ಆದ್ದರಿಂದ ಎರಡನ್ನೂ ಕೂಡಿಸಿ ಸರಾಸರಿ ತೆಗೆದರು. ಒಬ್ಬರದು ತುಂಬಿದ ಕೆರೆ, ಇನ್ನೊಬ್ಬರದು ಇಲ್ಲದ ಕೆರೆ. ಉತ್ತರ, ಅರ್ಧ ಕೆರೆ. ನಕ್ಷೆಯಲ್ಲಿ ಹುಚ್ಚೀರಪ್ಪನವರ ಹೊಲದ ಅರ್ಧ ಭಾಗ ನೀಲಿಯಾಯಿತು.

ಆ ನಕ್ಷೆ ಕೆರೆಗಳ ಹೂಳು ತೆಗೆಸುವ ಒಂದು ಕಚೇರಿಗೆ ಹೋಯಿತು. ಆ ಕಚೇರಿಯ ಬುದ್ಧಿ ಇನ್ನೂ ಸರಳ. ಕೆರೆಯ ಅರ್ಧ ಕಾಣಿಸುತ್ತಿದೆ ಎಂದರೆ ಉಳಿದರ್ಧ ಹೂಳಿನಲ್ಲಿ ಮುಚ್ಚಿಹೋಗಿದೆ. ಹೂಳು ಇದ್ದರೆ ತೆಗೆಯಲೇಬೇಕು.

ಹೀಗೆ ಒಂದು ದಿನ ಗವಿಸಿದ್ದೇಶ ಎಂಬ ಯುವ ಎಂಜಿನಿಯರು ಹೊಲಕ್ಕೆ ಬಂದಿಳಿದ. ಹುಚ್ಚೀರಪ್ಪನವರು ಗದ್ದಿಗೆಗೆ ನೀರು ಚಿಮುಕಿಸಿ, ಹೂವು ಏರಿಸುತ್ತಿದ್ದರು.

“ಅಜ್ಜಾರ, ನಿಮ್ಮ ಕೆರೀಗೆ ಒಳ್ಳೆ ದಿನ ಬಂದಾವ್ರಿ. ಪೂರಾ ಹೂಳು ತಗೀತೀವಿ. ಜೆಸಿಬಿ ಬರತೈತಿ.”

ಹಗಲು ಹೊತ್ತು. ಹುಚ್ಚೀರಪ್ಪನವರು ತಿಂಗಳುಗಟ್ಟಲೆ ಕೂಡಿಟ್ಟುಕೊಂಡಿದ್ದ ‘ಇಲ್ಲ’ಗಳನ್ನೆಲ್ಲ ಒಮ್ಮೆಲೇ ಹೊರಗೆ ಹಾಕಿದರು. “ಇಲ್ರಿ! ಕೆರಿ ಇಲ್ಲ, ನೀರಿಲ್ಲ, ಮೀನಿಲ್ಲ, ಹಕ್ಕಿ ಇಲ್ಲ, ಏನೇನೂ ಇಲ್ರೀ ಸಾಹೇಬ್ರ!”

“ನನಗ ಹೇಳಿದ್ರ ಏನ್ ಉಪಯೋಗ್ರಿ? ನಾ ನೋಡಿದ್ದು ಲೆಕ್ಕಕ್ಕ ಬರೂದಿಲ್ಲ. ಜಲಮತಿಗೆ ಹೇಳ್ರಿ. ಯಜಮಾನರು ತಮ್ಮ ಬಾಯಿಲೆ ‘ಇಲ್ಲ’ ಅಂದ್ರ ನಕ್ಷಾದಾಗಿಂದ ತಾನ ಅಳಿಸಿ ಹೋಗತೈತಿ.”

“ಆಕಿ ನಂಬರ್ ಕೊಡ್ರಿ. ಈಗ ಹೇಳತೀನಿ.”

“ಆಕಿ ಫೋನ್ ಮಾಡತಾಳ, ಎತ್ತೂದಿಲ್ಲ. ಹೊತ್ತು ಮುಣಗೂ ಮುಂದ ಅಷ್ಟ ಮಾಡತಾಳ.”

ಹುಚ್ಚೀರಪ್ಪನವರು ಕೈಯೊಳಗಿನ ತಂಬಿಗೆಯನ್ನು ಕೆಳಗಿಟ್ಟರು. “ಹೊಲ ಅಗೀತೀರಿ ಅಂದ್ರ, ಇದು?” ಎಂದು ಗದ್ದಿಗೆ ತೋರಿಸಿದರು.

ಗವಿಸಿದ್ದೇಶ ಕೈಯೊಳಗಿನ ನಕ್ಷೆ ನೋಡಿದ. “ಇದು ಕೆರಿ ನಡುಮಧ್ಯ ಬರತೈತ್ರಿ. ಒಂದೀಟು ಆಚೆ ಸರಿಸಿದ್ರಾತಲ್ಲ?”

ಸರಕಾರದ ಮನುಷ್ಯರು ಎದುರಿಗೆ ಬಂದರೆ ರುಮಾಲು ತೆಗೆದು ಕಂಕುಳಲ್ಲಿ ಇಟ್ಟುಕೊಳ್ಳುವುದು ಹುಚ್ಚೀರಪ್ಪನವರ ಜೀವಮಾನದ ಅಭ್ಯಾಸ. ಆ ಹೊತ್ತು ಅವರು ಕಂಕುಳಲ್ಲಿದ್ದ ರುಮಾಲನ್ನು ತೆಗೆದು ತಲೆಗೆ ಬಿಗಿಯಾಗಿ ಸುತ್ತಿಕೊಂಡರು.

“ಆಕಿ ಬದುಕಿದ್ದಾಗ ಒಂದು ಮಾತಿನಿಂದ ಆಚೆ ಸರದಾಕಿ ಅಲ್ರಿ. ಈಗ ಸರೀತಾಳಂತ ತಿಳಕೊಂಡೀರಿ?” ಎಂದರು.

ಆ ದಿನದಿಂದ ಮನೆಯಲ್ಲಿ ಸಂಜೆ ಎಂದರೆ ಪರೀಕ್ಷೆಯ ಹೊತ್ತಾಯಿತು. ಜಲಮತಿಯ ಫೋನು ತಪ್ಪದೆ ಬರುತ್ತಿತ್ತು. ಹುಚ್ಚೀರಪ್ಪನವರು ಎತ್ತುವರು. ‘ಕೆರೆ ಇದೆಯೇ’ ಎಂಬ ಪ್ರಶ್ನೆ ಬರುವುದು. ಅವರ ತುಟಿ ‘ಇ’ ಎಂಬಲ್ಲಿಗೆ ಬಂದು, ದೀಪ ನೋಡಿ, ‘ಐತಿ’ ಎಂದು ತಿರುಗಿಬಿಡುವುದು. ಎತ್ತದಿದ್ದರೆ ಹಳೆಯ ಉತ್ತರವೇ ಖಾಯಂ. ಮಗ ವೀರೇಶ ತಲೆ ತಲೆ ಬಡಿದುಕೊಂಡ.

“ಅಪ್ಪಾ, ಒಂದ ಸಲ ಇಲ್ಲ ಅಂದುಬಿಡು. ಅವ್ವ ಏನೂ ತಿಳಕೊಳ್ಳೂದಿಲ್ಲ.”

“ನಿಮ್ಮವ್ವ ತಿಳಕೊಳ್ಳೂದಿಲ್ಲ ಅನ್ನೂದು ನಿನಗ ಹೆಂಗ ಗೊತ್ತು? ಚಿವುಟಿಸಿಕೊಂಡಾಂವ ನೀನೋ ನಾನೋ?”

“ಮಾವಾರ, ನಾನರ ಹೇಳ್ಲೇನು?” ಎಂದು ಕಾಂಚನಾ ಧೈರ್ಯ ಮಾಡಿ ಒಂದು ಸಂಜೆ ಫೋನು ಈಸಿಕೊಂಡಳು. ಪ್ರಶ್ನೆ ಬಂತು. ಕಾಂಚನಾ ಬಾಯಿ ತೆರೆದಳು. ಎದುರಿಗೆ ಗೋಡೆಯ ಮೇಲೆ ಅತ್ತೆಯ ಫೋಟೋ. “ಐತ್ರಿ,” ಎಂದಳು ಮೆಲ್ಲಗೆ. ಇದು ಹುಚ್ಚೀರಪ್ಪನವರ ಧ್ವನಿಯಲ್ಲ, ಆದರೂ ಉತ್ತರ ಹೊಂದಿಕೆಯಾಗಿದೆ, ಮಾಹಿತಿ ಇನ್ನಷ್ಟು ಗಟ್ಟಿಯಾಯಿತು ಎಂದು ಜಲಮತಿ ಸಂತೋಷ ವ್ಯಕ್ತಪಡಿಸಿದಳು. ಮರುದಿನ ನಕ್ಷೆಯಲ್ಲಿ ನೀಲಿ ಬಣ್ಣ ಬೀರಲಿಂಗಪ್ಪನ ಬದುವಿನವರೆಗೆ ಹರಡಿತ್ತು.

ಈಗ ಬೀರಲಿಂಗಪ್ಪನ ನಗೆಯೂ ನಿಂತಿತು. “ಲೇ ಹುಚ್ಚೀರಾ, ನಿನ್ನ ಕೆರಿ ಒಡದು ನನ್ನ ಹೊಲಕ್ಕ ಬರಾಕತ್ತೇತಿ. ನಿನ್ನ ಮರ್ಯಾದಿಗೆ ನನ್ನ ಜೋಳ ಮುಣಗಸ್ತಿಯೇನು?”

“ನಿನಗೂ ಫೋನ್ ಬರತೈತಲ್ಲ. ನೀನ ಹೇಳು.”

“ಹೊತ್ತು ಮುಣಗೂ ಮುಂದ ನಾ ಯಾರ ಫೋನೂ ಎತ್ತೂದಿಲ್ಲ. ಯಾರು ಏನ್ ಕೇಳತಾರೋ ಏನೋ!”

ವಿಷಯ ಬೆಂಗಳೂರಿಗೆ ಮುಟ್ಟಿ, ಪ್ರಯೋಗಾಲಯದಿಂದ ವಿದ್ಯಾಶ್ರೀ ಎಂಬ ವಿಜ್ಞಾನಿ ತಾನೇ ಹೊರಟು ಬಂದಳು. ಮುಂಡರಗಿಯ ಹುಡುಗಿ. ಹೊಲ ನೋಡಿದಳು, ಗದ್ದಿಗೆಗೆ ಕೈ ಮುಗಿದಳು. ಹುಚ್ಚೀರಪ್ಪನವರ ಮಾತನ್ನೆಲ್ಲ ಕೇಳಿ ಹಣೆಗೆ ಕೈ ಹಚ್ಚಿ ಕೂತಳು.

“ಅಯ್ಯ ಶಿವನ! ನಮ್ಮ ಅಮ್ಮಾನೂ ಹಿಂಗ ಮಾಡ್ತಿದ್ಲು ಅಜ್ಜಾರ. ಇದು ನನ್ನ ತಲಿಗೆ ಯಾಕ ಹೊಳೀಲಿಲ್ಲ?”

“ಹಂಗಾದ್ರ ಫೋನ್ ಮಾಡೂ ಹೊತ್ತು ಬದಲ ಮಾಡವಾ ತಂಗಿ. ಮುಂಜಾನಿ ಮಾಡಸು.”

“ಅದಕ್ಕ ಎರಡೂ ಪ್ರಯೋಗಾಲಯ ಕೂಡಿ ಒಪ್ಪಬೇಕ್ರಿ. ನಾವು ಎದ್ದಾಗ ಅವರು ಮಲಗಿರತಾರ, ಅವರು ಎದ್ದಾಗ ನಾವು ಮಲಗಿರತೀವಿ. ಇಬ್ಬರೂ ಎಚ್ಚರ ಇದ್ದಾಗ ಮೀಟಿಂಗ್ ನಡದಿರತೈತಿ. ಬ್ಯಾಸಗಿಗೆ ಆಗಬಹುದು.”

“ಜೆಸಿಬಿ?”

“ಅದು ಬೇರೆ ಕಚೇರಿದ್ರಿ. ಅದು ಬುಧವಾರ ಬರತೈತಿ.”

ಬುಧವಾರ ಹೊತ್ತು ಇಳಿಯುವಾಗ ಲಕ್ಷ್ಮೇಶ್ವರದ ಸಮೀವುಲ್ಲಾ ತನ್ನ ಹಳದಿ ಯಂತ್ರವನ್ನು ಗಡಗಡ ಮಾಡುತ್ತ ಹೊಲದ ಬಾಯಿಗೆ ತಂದು ನಿಲ್ಲಿಸಿದ. ಬೆಳಿಗ್ಗೆ ಕೆಲಸ ಶುರು. ಊರಿಗೆ ಊರೇ ಬದುವಿನ ಮೇಲೆ ಸೇರಿತ್ತು. ಹುಚ್ಚೀರಪ್ಪನವರು ಗದ್ದಿಗೆಗೆ ಬೆನ್ನು ಕೊಟ್ಟು ಕೂತಿದ್ದರು. ಹಣೆಯ ತುಂಬ ವಿಭೂತಿ, ತಲೆಯ ಮೇಲೆ ರುಮಾಲು, ಕೈಯಲ್ಲಿ ಫೋನು. ಯುದ್ಧಕ್ಕೆ ಹೊರಟವರಂತೆ ಕಾಣುತ್ತಿದ್ದರೂ ಒಂದು ಕಾಲಿನ ಚಪ್ಪಲಿ ತಮ್ಮದು, ಇನ್ನೊಂದು ವೀರೇಶನದು.

ಸಮೀವುಲ್ಲಾ ಇಳಿದು ಬಂದು ಗದ್ದಿಗೆ ನೋಡಿದ. “ಸಾಹೇಬ್ರ, ಇದರಾಗ ಯಾರೋ ಮಲಗ್ಯಾರಲ್ರಿ! ಕೆರಿ ಅಂತ ಹೇಳಿ ಕರೆಸೀರಿ.”

“ನಕ್ಷಾದಾಗ ಕೆರಿ ಐತಪಾ,” ಎಂದ ಗವಿಸಿದ್ದೇಶ.

“ನಕ್ಷಾದಾಗ ಇದ್ರ ನಕ್ಷಾದಾಗ ಅಗೀರಿ. ಮಣ್ಣಾದವರ ಮ್ಯಾಲೆ ನಾ ಕೈ ಹಾಕಾಂವಲ್ಲ. ನಮಾಜಿಗೆ ಹೊತ್ತಾತು,” ಎಂದು ಅವನು ಟವೆಲು ಹಿಡಿದು ಬದುವಿನ ಆಚೆ ಹೋದ.

“ನೀ ಒಲ್ಲೆ ಅಂದ್ರ ಮುಂಡರಗಿಯಿಂದ ಇನ್ನೊಬ್ಬಾಂವ ಬರತಾನ,” ಎಂದ ಗವಿಸಿದ್ದೇಶ, ಅವನಿಗೆ ಕೇಳಿಸದಂತೆ. ನಂತರ ಹುಚ್ಚೀರಪ್ಪನವರ ಮುಂದೆ ಮೊಣಕಾಲೂರಿದ. “ಅಜ್ಜಾರ, ಇವತ್ತಿನ ಫೋನ್ ಕಡೀದು. ಇವತ್ತು ‘ಇಲ್ಲ’ ಅಂದ್ರ ಉಳೀತು. ಇಲ್ಲಂದ್ರ ನನ್ನ ಕೈಯಾಗ ಏನೂ ಇಲ್ಲ.”

“ನೋಡ್ರಿ, ಇವರು ಆ ಮಾತು ಎಷ್ಟು ಸಲೀಸಾಗಿ ಅಂತಾರ,” ಎಂದರು ಹುಚ್ಚೀರಪ್ಪನವರು, ಮೆಚ್ಚುಗೆಯಿಂದಲೋ ಮರುಕದಿಂದಲೋ ತಿಳಿಯದು.

“ಒಂದ ಮಾತು ಅಜ್ಜಾರ,” ಎಂದಳು ವಿದ್ಯಾಶ್ರೀ. “ಅನ್ನಲೇ!” ಎಂದ ಬೀರಲಿಂಗಪ್ಪ. “ಅಪ್ಪಾ!” ಎಂದ ವೀರೇಶ. ಕಾಂಚನಾ ಮಾತ್ರ ದಿನದಂತೆ ಗದ್ದಿಗೆಯ ಮುಂದೆ ಹಣತೆ ಹಚ್ಚಿದಳು.

ಫೋನು ಹೊಡೆದುಕೊಂಡಿತು.

“ನಮಸ್ಕಾರ. ನಾನು ಜಲಮತಿ. ನಿಮ್ಮ ಹೊಲದಲ್ಲಿ ಕೆರೆ ಇದೆಯೇ?”

ಗಾಳಿ ನಿಂತಿತು. ಹುಚ್ಚೀರಪ್ಪನವರು ಹಣತೆಯನ್ನು ನೋಡಿದರು. ಕಲ್ಲಿನ ಮೇಲೆ ಅಂಗೈ ಇಟ್ಟರು. ಆಕೆ ಬೇಡವೆಂದ ಮಾತನ್ನು ಆಕೆಯ ತಲೆಯ ಹತ್ತಿರವೇ ಕೂತು, ಆಕೆಯನ್ನು ಉಳಿಸಿಕೊಳ್ಳುವ ನೆಪದಲ್ಲಿ ಆಡುವುದೇ?

“ಐತಿ,” ಎಂದರು, ಹಿಂದಿನ ಎಲ್ಲ ಸಲಕ್ಕಿಂತ ಗಟ್ಟಿಯಾಗಿ.

ಬದುವಿನ ಮೇಲಿದ್ದವರೆಲ್ಲ ಒಮ್ಮೆಲೇ ಹಣೆ ಬಡಿದುಕೊಂಡ ಸದ್ದು ಕೇಳಿಸಿತು. ಗವಿಸಿದ್ದೇಶ ಎದ್ದು ಮೊಣಕಾಲಿನ ಮಣ್ಣು ಜಾಡಿಸಿಕೊಂಡ. ಆದರೆ ಜಲಮತಿ ಇನ್ನೂ ಮುಗಿಸಿರಲಿಲ್ಲ.

“ನಿಮ್ಮ ಕೆರೆಯ ಕೆಲಸ ನಾಳೆ ಆರಂಭವಾಗಲಿದೆ. ಕೆಲಸದ ಸ್ಥಳದಲ್ಲಿ ಯಾರಾದರೂ ವಾಸವಾಗಿದ್ದಾರೆಯೇ?”

ಇಂಥ ಪ್ರಶ್ನೆ ಹಿಂದೆಂದೂ ಬಂದಿರಲಿಲ್ಲ. ಹುಚ್ಚೀರಪ್ಪನವರು ಗದ್ದಿಗೆಯ ಕಡೆ ತಿರುಗಿದರು. ಆಕೆ ಹೋದ ಮೇಲೆ ಬಂಧುಗಳು, ಬೀಗರು, ಊರಿನವರು ಎಲ್ಲರೂ ಅವರ ಬಾಯಿಂದ ಕೇಳಬಯಸಿದ್ದೂ, ಅವರು ಯಾವ ಹೊತ್ತಿನಲ್ಲಿಯೂ ಬಾಯಿಬಿಟ್ಟು ಹೇಳದೆ ಉಳಿದದ್ದೂ ‘ಆಕೆ ಇಲ್ಲ’ ಎಂಬ ಅದೊಂದೇ ಮಾತು.

“ಅದಾಳ,” ಎಂದರು.

“ಹೆಸರು ಹೇಳಿ.”

“ಶಾರದವ್ವ.”

“ಅವರು ಅಲ್ಲಿಯೇ ಖಾಯಂ ಇರುತ್ತಾರೆಯೇ?”

“ಖಾಯಂ.”

“ಅವರು ಬೇರೆ ಕಡೆ ತೆರಳಲು ಒಪ್ಪುತ್ತಾರೆಯೇ?”

ಇದಕ್ಕೆ ‘ಇಲ್ಲ’ ಅನ್ನದೆ ದಾರಿಯೇ ಇರಲಿಲ್ಲ. ಹುಚ್ಚೀರಪ್ಪನವರು ಫೋನನ್ನು ತುಸು ಬಾಯಿಯ ಹತ್ತಿರ ತಂದುಕೊಂಡರು.

“ಆಕಿ ಪರವಾಗಿ ಮಾತಾಡೂ ಧೈರ್ಯ ನನಗ ಎಂದೂ ಬರಲೊಲ್ಲದು ತಂಗಿ. ನೀವ ಆಕಿನ್ನ ಕೇಳ್ರಿ.”

ಜಲಮತಿ ಸ್ವಲ್ಪ ಹೊತ್ತು ಗುಣುಗುಟ್ಟಿದಳು. “ಧನ್ಯವಾದ. ನಿವಾಸಿ ಶಾರದವ್ವ ಅವರಿಗೆ ನೋಟೀಸು ಕಳುಹಿಸಲಾಗುವುದು. ಅವರ ಒಪ್ಪಿಗೆ ಬರುವವರೆಗೆ ಕೆಲಸವನ್ನು ತಡೆಹಿಡಿಯಲಾಗಿದೆ. ಶುಭ ಸಂಜೆ.”

ಮೊದಲು ನಕ್ಕವಳು ವಿದ್ಯಾಶ್ರೀ. ನಗುತ್ತ ನಗುತ್ತ ಸೆರಗಿನಿಂದ ಕಣ್ಣು ಒರೆಸಿಕೊಂಡಳು. ಬೀರಲಿಂಗಪ್ಪ ರುಮಾಲು ತೆಗೆದು ಗಾಳಿಗೆ ಹಾರಿಸಿದ. ನಮಾಜು ಮುಗಿಸಿ ಬಂದ ಸಮೀವುಲ್ಲಾ ಏನಾಯಿತೆಂದು ಯಾರನ್ನೂ ಕೇಳದೆ ಯಂತ್ರವನ್ನು ಹಿಂದಕ್ಕೆ ತಿರುಗಿಸಿದ.

ಯಂತ್ರದ ಮಾತು ಎಂದರೆ ಮಾತು. ಮರು ವಾರವೇ ನೋಟೀಸು ಬಂತು. ಅದನ್ನು ಅಂಚೆಯಲ್ಲಿ ಹಾಕುವಂತಿರಲಿಲ್ಲ. ನಿವಾಸಿಗೆ ಖುದ್ದಾಗಿ ಓದಿ ಹೇಳಿ, ಉತ್ತರ ಪಡೆಯಬೇಕು. ಗವಿಸಿದ್ದೇಶ ಶಿರಹಟ್ಟಿಯಿಂದ ಬಿಸಿಲಿನಲ್ಲಿ ಬೈಕು ಹೊಡೆದುಕೊಂಡು ಮಟಮಟ ಮಧ್ಯಾಹ್ನ ಹೊಲಕ್ಕೆ ಬಂದ. ಬೂಟು ಬಿಚ್ಚಿದ. ಗದ್ದಿಗೆಯ ಮುಂದೆ ನಿಂತು, ಗಂಟಲು ಸರಿಮಾಡಿಕೊಂಡು, ‘ಶ್ರೀಮತಿ ಶಾರದವ್ವ ಅವರ ಗಮನಕ್ಕೆ’ ಎಂದು ಆರಂಭಿಸಿ ಕಡೆಯ ಸಾಲಿನವರೆಗೂ ತಪ್ಪಿಲ್ಲದೆ ಓದಿದ. ಆಮೇಲೆ ಪೆನ್ನು ತೆಗೆದು, ಕಲ್ಲನ್ನೊಮ್ಮೆ, ಹುಚ್ಚೀರಪ್ಪನವರನ್ನೊಮ್ಮೆ ನೋಡಿದ.

ಬೇವಿನ ಮರದಿಂದ ಎರಡು ಎಲೆ ಉದುರಿದವು.

“ಏನಂತ ಬರೀಲ್ರಿ ಅಜ್ಜಾರ? ಏನಂದ್ರು?”

“ಕೇಳಿಸ್ಲಿಲ್ಲೇನು?” ಎಂದು ಹುಚ್ಚೀರಪ್ಪನವರು ಸೂರ್ಯ ನೆತ್ತಿಯ ಮೇಲಿರುವುದನ್ನು ಖಾತ್ರಿ ಮಾಡಿಕೊಂಡು ಹೇಳಿದರು. “ಇಲ್ಲ ಅಂದ್ಲು.”